ಗ್ರಿಶಮ್ ಓದುಗರೂ ನಮ್ಮ ಪೌತಿ ಖಾತೆಯೂ

ಕಲಬುರಗಿಯಲ್ಲಿ ಇಂಗ್ಲಿಷ್ ಕಾದಂಬರಿ ಓದುವವರ ವಲಯ ದೊಡ್ಡದೇನಲ್ಲ. ಆದರೆ ಆ ವಲಯದಲ್ಲಿ ಜಾನ್ ಗ್ರಿಶಮ್ ಅವರನ್ನು ಓದದವರು ವಿರಳ. ವಕೀಲರು, ಬ್ಯಾಂಕ್ ಅಧಿಕಾರಿಗಳು, ಕಾಲೇಜು ಅಧ್ಯಾಪಕರು, ನನ್ನಂತಹ ನಿವೃತ್ತರು ಬೆಳಗಿನ ನಡಿಗೆ ಮುಗಿಸಿ ಸಾರ್ವಜನಿಕ ಉದ್ಯಾನದ ಬೆಂಚಿನ ಮೇಲೆ ಕುಳಿತಾಗ ರಾಜಕೀಯ ಮುಗಿದ ಮೇಲೆ ಮಾತು ಹೆಚ್ಚಾಗಿ ಹೊರಳುವುದು ಈ ಅಮೆರಿಕದ ವಕೀಲ-ಕಾದಂಬರಿಕಾರನ ಕಡೆಗೆ. ಪುಸ್ತಕಗಳು ಕೈಯಿಂದ ಕೈಗೆ ದಾಟುತ್ತವೆ. ಹಿಂತಿರುಗಿ ಬರುವುದು ಅಪರೂಪ.

ಅಭಿಪ್ರಾಯಗಳು ಮಾತ್ರ ಒಂದೇ ತೆರನಾಗಿಲ್ಲ. 1989ರಲ್ಲಿ ಬಂದ ‘ಎ ಟೈಮ್ ಟು ಕಿಲ್’ ಒಂದೇ ಗ್ರಿಶಮ್ ಅವರ ನಿಜವಾದ ಪುಸ್ತಕ ಎಂಬುದು ಹಿರಿಯ ವಕೀಲರೊಬ್ಬರ ವಾದ. ಅನೇಕ ಪ್ರಕಾಶಕರು ನಿರಾಕರಿಸಿದ ಮೇಲೆ ಬರೀ 5000 ಪ್ರತಿ ಅಚ್ಚಾದ ಆ ಕೃತಿಯಲ್ಲಿ ಲೇಖಕರು ತಾವು ಕಂಡ ನ್ಯಾಯಾಲಯವನ್ನು ಬರೆದರು, 1991ರ ‘ದ ಫರ್ಮ್’ನಿಂದ ಮುಂದೆ ಮಾರುಕಟ್ಟೆಗೆ ಬರೆದರು ಎನ್ನುತ್ತಾರೆ ಅವರು. ಬ್ಯಾಂಕಿನ ಮಿತ್ರರಿಗೆ ಅದೇ ‘ದ ಫರ್ಮ್’ ಅಚ್ಚುಮೆಚ್ಚು. ಹೊಸ ವಕೀಲನಿಗೆ ಕಾರು, ಅಗ್ಗದ ಬಡ್ಡಿಯ ಮನೆ ಸಾಲ ಕೊಟ್ಟು ಬಲೆಗೆ ಕೆಡವುವ ಸಂಸ್ಥೆಯ ಲೆಕ್ಕಾಚಾರ ಅವರಿಗೆ ಬಹಳ ಪರಿಚಿತವೆನಿಸುತ್ತದಂತೆ! ಅಧ್ಯಾಪಕಿಯೊಬ್ಬರು ಇನ್ನೂ ನಿಷ್ಠುರ: ಹೆಣ್ಣು ಪಾತ್ರಗಳು ಸೊರಗಿವೆ, ಮುಕ್ತಾಯಗಳು ಒಂದೇ ಅಚ್ಚಿನವು, ನಾಯಕ ಗೆಲ್ಲುತ್ತಾನೆ, ಗೆದ್ದ ಕೂಡಲೇ ವಕೀಲಿಯನ್ನೇ ಬಿಟ್ಟು ಹೊರಡುತ್ತಾನೆ. ‘ದ ರೇನ್‌ಮೇಕರ್’ ಓದಿದವರು ಈ ಮಾತನ್ನು ಅಲ್ಲಗಳೆಯಲಾರರು.

ಈ ಆಕ್ಷೇಪಗಳಲ್ಲಿ ಹೆಚ್ಚಿನವು ನ್ಯಾಯವಾದವುಗಳೇ. ಆದರೆ ಇಷ್ಟೆಲ್ಲ ದೂರುವವರು ಮುಂದಿನ ಪುಸ್ತಕವನ್ನೂ ಕೇಳಿ ಪಡೆದು ಓದುತ್ತಾರಲ್ಲ, ಅದೇಕೆ? ನನಗೆ ತೋರುವಂತೆ ಕೊಲೆಯಾಗಲಿ ಬೆನ್ನಟ್ಟುವಿಕೆಯಾಗಲಿ ಗ್ರಿಶಮ್ ಅವರ ನಿಜವಾದ ಬಂಡವಾಳವಲ್ಲ. ಕಾನೂನಿನ ಕಾರ್ಯವಿಧಾನವನ್ನೇ ಅವರು ಕಥಾವಸ್ತುವಾಗಿ ಮಾಡಿಕೊಂಡಿದ್ದಾರೆ. ಅರ್ಜಿ ಯಾವಾಗ ಸಲ್ಲಬೇಕು, ಯಾವ ದಾಖಲೆಯನ್ನು ಎದುರು ಪಕ್ಷ ಮುಚ್ಚಿಡಲಾಗದು, ಜ್ಯೂರಿಯನ್ನು ಹೇಗೆ ಆರಿಸುತ್ತಾರೆ, ಮೊಕದ್ದಮೆಗೆ ಹಣ ಹಾಕುವವರು ಯಾರು ಎಂಬ ಒಣ ಸಂಗತಿಗಳಿಂದ ಅವರು ಕುತೂಹಲ ಹುಟ್ಟಿಸುತ್ತಾರೆ. ಓದಿ ಮುಗಿಸಿದವನಿಗೆ ಮಿಸಿಸಿಪ್ಪಿ ರಾಜ್ಯದ ಒಂದು ನ್ಯಾಯಾಲಯ ಹೇಗೆ ನಡೆಯುತ್ತದೆಂಬುದು ಸುಮಾರಾಗಿ ತಿಳಿದಿರುತ್ತದೆ. ನಮ್ಮಲ್ಲಿ ಜ್ಯೂರಿ ಪದ್ಧತಿಯೇ ಉಳಿದಿಲ್ಲ. ಅದಕ್ಕೆ ಕುಖ್ಯಾತಿ ತಂದ ನಾನಾವತಿ ಪ್ರಕರಣ ನಡೆದದ್ದು 1959ರಲ್ಲಿ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೂ ಕಲಬುರಗಿಯ ಓದುಗ ಜ್ಯೂರಿಯ ಬಗ್ಗೆ ಅರ್ಧ ಗಂಟೆ ಮಾತನಾಡಬಲ್ಲ. ತನ್ನ ಊರಿನ ಸಿವಿಲ್ ನ್ಯಾಯಾಲಯದಲ್ಲಿ ‘ವಿವಾದಾಂಶ ರಚನೆ’ ಎಂದರೇನೆಂದು ಕೇಳಿದರೆ ತಡವರಿಸುತ್ತಾನೆ.

ಅರ್ಥಶಾಸ್ತ್ರ ಓದಿದವನಾದ್ದರಿಂದ ನನಗೆ ‘ದ ರೇನ್‌ಮೇಕರ್’ ಇಷ್ಟವಾದದ್ದು ಬೇರೆ ಕಾರಣಕ್ಕೆ. ರಕ್ತದ ಕ್ಯಾನ್ಸರಿನಿಂದ ಸಾಯುತ್ತಿರುವ ಬಡ ಹುಡುಗನ ಚಿಕಿತ್ಸೆಗೆ ವಿಮಾ ಕಂಪನಿ ಹಣ ನಿರಾಕರಿಸುತ್ತದೆ. ಅನುಭವವಿಲ್ಲದ ತರುಣ ವಕೀಲ ದಾವೆ ಹೂಡುತ್ತಾನೆ. ಗೆದ್ದರೆ ಪರಿಹಾರದಲ್ಲಿ ಪಾಲು, ಸೋತರೆ ಶುಲ್ಕವಿಲ್ಲ ಎಂಬುದು ಅಲ್ಲಿನ ಕರಾರು. ಭಾರತದಲ್ಲಿ ಇಂತಹ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ನಿಷೇಧಕ್ಕೆ ಒಳ್ಳೆಯ ಕಾರಣಗಳಿವೆ, ಪಾಲಿನ ಆಸೆಗೆ ಬಿದ್ದ ವಕೀಲನ ಗತಿಯನ್ನು ಗ್ರಿಶಮ್ ಅವರೇ 2003ರ ‘ದ ಕಿಂಗ್ ಆಫ್ ಟಾರ್ಟ್ಸ್’ನಲ್ಲಿ ಚಿತ್ರಿಸಿದ್ದಾರೆ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಶುಲ್ಕವು ಫಲಿತಾಂಶಕ್ಕೆ ಅಂಟಿಕೊಳ್ಳದೆ ಹಾಜರಾತಿಗೆ ಅಂಟಿಕೊಂಡಾಗ ಮೊಕದ್ದಮೆ ಬೇಗ ಮುಗಿಯಬೇಕೆಂಬ ಆತುರ ಕಕ್ಷಿದಾರನೊಬ್ಬನಿಗೆ ಮಾತ್ರ ಉಳಿಯುತ್ತದೆ. ಇದು ವಕೀಲರನ್ನು ದೂರುವ ಮಾತಲ್ಲ. ಪ್ರೋತ್ಸಾಹಕ ಎತ್ತ ಇದೆಯೋ ನಡವಳಿಕೆ ಅತ್ತ ಹರಿಯುತ್ತದೆ ಎಂಬ ಸಾಮಾನ್ಯ ತತ್ತ್ವ.

ಈ ಚರ್ಚೆಯ ಕೊರತೆ ನನಗೆ ಹೊಳೆದದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ, ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು ಈಗ ತಾಲ್ಲೂಕು ಕೇಂದ್ರ. ಅಲ್ಲಿನ ನಿವೃತ್ತ ಶಿಕ್ಷಕರೊಬ್ಬರು ಒಳ್ಳೆಯ ಓದುಗರು, ಆದರೆ ಕನ್ನಡದ ಓದುಗರು. ಅಣ್ಣತಮ್ಮಂದಿರ ನಡುವಿನ ಪಾಲಿನ ದಾವೆಯೊಂದರಲ್ಲಿ ವರ್ಷಗಟ್ಟಲೆ ಕೋರ್ಟು ಅಲೆದವರು. ನಾನು ‘ದ ರೇನ್‌ಮೇಕರ್’ ಕಥೆ ಹೇಳಿ ಮುಗಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ರೀ, ಆ ಪುಸ್ತಕದಾಗ ತಾರೀಖು ಎಷ್ಟು ಸಲ ಮುಂದ ಹೋಗ್ತದ?’

ಉತ್ತರ ಹೇಳುವುದು ಸುಲಭವಿರಲಿಲ್ಲ. ಗ್ರಿಶಮ್ ಅವರ ವಿಚಾರಣೆ ಒಮ್ಮೆ ಆರಂಭವಾದರೆ ದಿನದಿನವೂ ನಡೆದು ತೀರ್ಪಿಗೆ ತಲುಪುತ್ತದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರವೂ, 2002ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ವಿಚಾರಣೆಯ ಹಂತದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡುವಂತಿಲ್ಲ. ಆದರೆ ಇದು ಕಡ್ಡಾಯದ ನಿಯಮವಾಗಿ ಕೋರ್ಟಿನಲ್ಲಿ ನಡೆಯುವುದಿಲ್ಲವೆಂದು ಆ ಶಿಕ್ಷಕರಿಗೆ ಹೇಳಬೇಕಾದ ಅಗತ್ಯವಿರಲಿಲ್ಲ. ದೇಶದ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳು ನಾಲ್ಕು ಕೋಟಿಗೂ ಹೆಚ್ಚು. ಇಂತಹ ನಿಯಮವೊಂದು ಇದೆ ಎಂಬುದೇ ಅವರಿಗೆ ಅಂದು ಮೊದಲ ಬಾರಿಗೆ ತಿಳಿದದ್ದು. ಅಷ್ಟು ವರ್ಷ ಅವರು ತಮ್ಮ ದಾವೆ ಯಾವ ಹಂತದಲ್ಲಿದೆ ಎಂದು ತಿಳಿಯದೆ, ಮುಂದಿನ ತಾರೀಖು ಬರೆದ ಚೀಟಿಯೊಂದನ್ನೇ ನಂಬಿ ಬಂದುಹೋಗುತ್ತಿದ್ದರು.

ಕನ್ನಡದ ಜನಪ್ರಿಯ ಸಾಹಿತ್ಯ ಈ ವಿಷಯದಲ್ಲಿ ಏನು ಮಾಡಿದೆ? ಪತ್ತೇದಾರರಿಗೆ ನಮ್ಮಲ್ಲಿ ಬರವಿಲ್ಲ. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿ ಬರೆದು, ಒಂದು ತಲೆಮಾರಿಗೆ ಓದುವ ಚಟ ಹಚ್ಚಿದರು. ಆದರೆ ಪತ್ತೇದಾರನ ಕಥೆ ಅಪರಾಧಿ ಸಿಕ್ಕಿಬಿದ್ದಲ್ಲಿಗೆ ಮುಗಿಯುತ್ತದೆ. ನ್ಯಾಯಾಲಯದ ಕಥೆ ಆರಂಭವಾಗುವುದೇ ಅಲ್ಲಿಂದ. ಭೈರಪ್ಪನವರ ‘ಸಾಕ್ಷಿ’ಯಲ್ಲಿ ಸುಳ್ಳು ಸಾಕ್ಷ್ಯವಿದೆ, ಆದರೆ ಅಲ್ಲಿನ ಶೋಧನೆ ಧರ್ಮದ್ದು, ಕಾರ್ಯವಿಧಾನದ್ದಲ್ಲ. ಗಡಿಯಾಚೆಯ ತೆಲುಗಿನಲ್ಲಿ ಯಂಡಮೂರಿ ವೀರೇಂದ್ರನಾಥರು ‘ಅಭಿಲಾಷ’ದಲ್ಲಿ ಮರಣದಂಡನೆಯನ್ನು ವಿರೋಧಿಸುವ ವಕೀಲನನ್ನು ನಾಯಕನನ್ನಾಗಿಸಿದರು, 1983ರಲ್ಲಿ ಅದು ಸಿನಿಮಾ ಕೂಡ ಆಯಿತು. ಕನ್ನಡದಲ್ಲಿ ಸಿ.ಎಚ್. ಹನುಮಂತರಾಯರ ‘ವಕೀಲರೊಬ್ಬರ ವಗೈರೆಗಳು’ ಓದುಗರ ಮೆಚ್ಚುಗೆ ಪಡೆಯಿತು, ಅದು ಅನುಭವ ಕಥನ. ಕಾದಂಬರಿಯ ಜಾಗ ಬಹುಮಟ್ಟಿಗೆ ಖಾಲಿಯಾಗಿಯೇ ಇದೆ. ಉಳಿದದ್ದು ಸಿನಿಮಾದ ಕೋರ್ಟು. ಅಲ್ಲಿ ಎಲ್ಲರೂ ಭಗವದ್ಗೀತೆ ಮುಟ್ಟಿ ಪ್ರಮಾಣ ಮಾಡುತ್ತಾರೆ, 1969ರ ಪ್ರಮಾಣವಚನ ಕಾಯಿದೆಯಲ್ಲಿ ಯಾವ ಗ್ರಂಥವನ್ನೂ ಮುಟ್ಟಬೇಕೆಂಬ ವಿಧಿ ಇಲ್ಲದಿದ್ದರೂ.

ಕಾರಣವನ್ನು ಭಾಷೆಯಲ್ಲಿ ಹುಡುಕಬೇಕೆಂದು ನನ್ನ ಅನಿಸಿಕೆ. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯನ್ನು ಬಂಗಾಳ, ಅಸ್ಸಾಂ ಬಿಟ್ಟು ದೇಶದ ಬಹುಭಾಗದಲ್ಲಿ ಶತಮಾನಗಳ ಕಾಲ ನಿರ್ಧರಿಸಿದ ‘ಮಿತಾಕ್ಷರ’ವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು, ಕಲಬುರಗಿಗೆ ಸಮೀಪದ ಮರತೂರು ಅವನ ಊರೆಂದು ಈ ಭಾಗದವರು ಹೆಮ್ಮೆಪಡುತ್ತಾರೆ. ಅವನು ಬರೆದದ್ದು ಸಂಸ್ಕೃತದಲ್ಲಿ. ಆಮೇಲೆ ಪಾರ್ಸಿ ಬಂತು, ನಿಜಾಮರ ಕಾಲದಲ್ಲಿ ಉರ್ದು ಬಂತು, ಕೊನೆಗೆ ಇಂಗ್ಲಿಷ್. ದಾವೆ, ತಕರಾರು, ವಕಾಲತ್ತು, ಜಪ್ತಿ, ವಾರಸುದಾರ, ಪಹಣಿ ಇವೆಲ್ಲ ಹೊರಗಿನಿಂದ ಬಂದು ನಮ್ಮವೇ ಆದ ಮಾತುಗಳು. ರೈತನ ಬಾಯಲ್ಲಿ ಅವು ಸಲೀಸು, ಆದರೆ ಅವುಗಳ ಹಿಂದಿನ ಕಾನೂನು ಮಾತ್ರ ಯಾವಾಗಲೂ ಇನ್ನೊಬ್ಬರ ಭಾಷೆಯಲ್ಲೇ ಉಳಿಯಿತು. ಅಧೀನ ನ್ಯಾಯಾಲಯಗಳಲ್ಲಿ ಇಂದು ಕನ್ನಡಕ್ಕೆ ಅವಕಾಶವಿದೆ. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. 2008ರಲ್ಲಿ ಇಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅದರಿಂದ ಬೆಂಗಳೂರಿನ ದಾರಿ ಉಳಿಯಿತು, ಭಾಷೆಯ ದಾರಿ ಉಳಿಯಲಿಲ್ಲ.

ವಸ್ತುವಿಗೇನು ಕೊರತೆ? ಉಪವಿಭಾಗಾಧಿಕಾರಿಯಾಗಿ ನಾನು ಕಂದಾಯ ಮೇಲ್ಮನವಿಗಳನ್ನು ಕೇಳುತ್ತಿದ್ದ ವರ್ಷಗಳಲ್ಲಿ ಮತ್ತೆಮತ್ತೆ ಬರುತ್ತಿದ್ದುದು ಒಂದೇ ಕಥೆ. ತಂದೆ ತೀರಿಕೊಂಡಿದ್ದಾನೆ. ಪೌತಿ ಖಾತೆ ಗಂಡುಮಕ್ಕಳ ಹೆಸರಿಗೆ ಆಗಿದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ. ಇದ್ದರೆ ಪಕ್ಕದಲ್ಲೊಂದು ಹೆಬ್ಬೆಟ್ಟು, ‘ನಮ್ಮ ತಕರಾರಿಲ್ಲ’ ಎಂಬ ಒಂದು ಸಾಲು. ಹತ್ತು ವರ್ಷದ ನಂತರ ಅಕ್ಕ ಬಂದು ಆ ಹೆಬ್ಬೆಟ್ಟು ತನ್ನದಲ್ಲ ಎನ್ನುತ್ತಾಳೆ. ಅಥವಾ, ಇದು ಇನ್ನೂ ಕಷ್ಟದ್ದು, ತನ್ನದೇ, ಆದರೆ ಸೀರೆ ಉಡಿಸುವ ದಿನ ಅಣ್ಣ ಯಾವುದೋ ಕಾಗದಕ್ಕೆ ಒತ್ತಿಸಿಕೊಂಡ ಎನ್ನುತ್ತಾಳೆ. ಕಂದಾಯ ನ್ಯಾಯಾಲಯಕ್ಕೆ ಹಕ್ಕಿನ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರವಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕೆಂದು ಆದೇಶ ಬರೆಯಬೇಕು. ಆ ಆದೇಶ ಕೇಳಿಸಿಕೊಂಡು ಹೊರಗೆ ಹೋದ ಹೆಂಗಸು ನಿಜವಾಗಿ ಸಿವಿಲ್ ಕೋರ್ಟಿಗೆ ಹೋದಳೋ, ಬಸ್ಸು ಹತ್ತಿ ಊರಿಗೆ ಹೋದಳೋ ಕಡತದಲ್ಲಿ ದಾಖಲಾಗುವುದಿಲ್ಲ. ಕಾದಂಬರಿಕಾರ ಅವಳ ಹಿಂದೆ ಹೋಗಬಲ್ಲ.

ಕಾನೂನು ಆಕೆಯ ಕಡೆಗೆ ಹಂತಹಂತವಾಗಿ ವಾಲಿದ ಕಥೆಯೂ ಗ್ರಿಶಮ್ ಅವರ ತಿರುವುಗಳಿಗೆ ಕಡಿಮೆಯದಲ್ಲ. ಮಿತಾಕ್ಷರ ಕುಟುಂಬದಲ್ಲಿ ಹುಟ್ಟಿನಿಂದ ಹಕ್ಕಿದ್ದದ್ದು ಗಂಡುಮಕ್ಕಳಿಗೆ. 1994ರಲ್ಲಿ ಕರ್ನಾಟಕದ ತಿದ್ದುಪಡಿ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕೇ ಬೇಡವೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ‘ಬದುಕಿರಬೇಕಾಗಿಲ್ಲ’ ಎಂದು ಸ್ಪಷ್ಟ ಉತ್ತರ ಕೊಟ್ಟದ್ದು 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮ ಪ್ರಕರಣದಲ್ಲಿ. ಒಬ್ಬಳೇ ಹೆಣ್ಣುಮಗಳು, ಒಂದೇ ಹೊಲ. ಹಕ್ಕಿಲ್ಲ, ಅರೆ ಹಕ್ಕು, ಪೂರ್ಣ ಹಕ್ಕು. ಅಷ್ಟರಲ್ಲಿ ಹೊಲ ಹೆದ್ದಾರಿ ಬದಿಯ ನಿವೇಶನವಾಗಿರುತ್ತದೆ.

ಇಂತಹ ಕಾದಂಬರಿ ಬಂದರೆ ಮನೆಮನೆಯಲ್ಲಿ ವ್ಯಾಜ್ಯ ಹುಟ್ಟುತ್ತದೆ ಎಂದು ಉದ್ಯಾನದ ಬೆಂಚಿನಲ್ಲಿ ಒಬ್ಬರು ಆಕ್ಷೇಪಿಸಿದರು. ವ್ಯಾಜ್ಯ ಈಗಲೂ ಇದೆ, ಬಾಯಿ ಇಲ್ಲವಷ್ಟೇ ಎಂದರು ಅಧ್ಯಾಪಕಿ. ಹಿರಿಯ ವಕೀಲರ ತೊಡಕು ಬೇರೆ: ಕಕ್ಷಿದಾರರ ಗುಟ್ಟು ಬಯಲಾಗುತ್ತದೆ, ಮೇಲಾಗಿ ಬರೆಯಲು ವೇಳೆ ಎಲ್ಲಿದೆ? ಗುಟ್ಟಿನ ಮಾತು ಒಪ್ಪತಕ್ಕದ್ದು. ಹೆಸರು, ಊರು ಬದಲಿಸುವ ಕಲೆ ಬೇಕು. ವೇಳೆಯ ವಿಷಯಕ್ಕೆ ಬಂದರೆ, ಗ್ರಿಶಮ್ ಮೊದಲ ಕಾದಂಬರಿ ಬರೆದಾಗ ವಕೀಲರೂ ಆಗಿದ್ದರು, ರಾಜ್ಯದ ಶಾಸಕರೂ ಆಗಿದ್ದರು. ಬೆಳಗಿನ ಐದಕ್ಕೆ ಎದ್ದು, ಕೋರ್ಟಿಗೆ ಹೊರಡುವ ಮುನ್ನ ಬರೆಯುತ್ತ ಮೂರು ವರ್ಷದಲ್ಲಿ ಮುಗಿಸಿದರು. ಬೇಸಿಗೆಯ ದಿನಗಳನ್ನು ಬಿಟ್ಟರೆ ನಮ್ಮಲ್ಲಿ ಕೋರ್ಟು ಕೂಡುವುದು ಹನ್ನೊಂದಕ್ಕೆ.