ಬಿಸಿಲೂರಿನ ಕಾಲ್ಬಲ
ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವಿಶ್ವ 10ಕೆ ಓಟಕ್ಕೆ ಸಿಂಥೆಟಿಕ್ ಟ್ರ್ಯಾಕ್ ಇಲ್ಲದೆ ತಯಾರಾಗಲಾಗದು ಎಂಬ ಮಾತಿನಲ್ಲಿ ಹುರುಳಿಲ್ಲ. ಅದು ಡಾಂಬರು ರಸ್ತೆಯ ಓಟ, ಯಾದಗಿರಿ ಬಳಿಯ ನಮ್ಮ ಮುದನಾಳದ ಹುಡುಗ ಹುಡುಗಿಯರಿಗೂ ರಸ್ತೆಯಿದೆ. ನಲವತ್ತು ಡಿಗ್ರಿ ದಾಟುವ ಯಾದಗಿರಿಯ ಬೇಸಿಗೆ ಅಡ್ಡಿಯಲ್ಲವೇ ಎನ್ನಬಹುದು. ಎರಡು ವಾರ ಸೆಕೆಯಲ್ಲಿ ಹದವಾಗಿ ಓಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಒಡೆಯುತ್ತದೆ, ಎದೆಬಡಿತ ತಗ್ಗುತ್ತದೆ. ನಡುಹಗಲ ಬಿಸಿಲು ಜೀವಕ್ಕೇ ಎರವಾಗಬಲ್ಲದು, ನಿಜ. ಅದಕ್ಕೇ ಅಭ್ಯಾಸ ಬೆಳಗಿನ ಜಾವ, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬೆಂಗಳೂರಿನ ಏರುರಸ್ತೆಗಳಿಗೆ ಯಾದಗಿರಿ ಕೋಟೆಯ ಗುಡ್ಡವನ್ನು ವಾರಕ್ಕೊಮ್ಮೆ ಹತ್ತಿದರಾಯಿತು. ನಿಜವಾದ ಕೊರತೆ ಬೂಟು, ರೈಲು ಚಾರ್ಜು, ಪ್ರವೇಶ ಶುಲ್ಕದ್ದು. ಊರ ಜಾತ್ರೆಗೆ ಪಟ್ಟಿ ಎತ್ತುವ ನಾವು ಇದಕ್ಕೂ ಎತ್ತಲೇಬೇಕು.