ಮೂರು ಆಸೆ, ಒಂದು ಗಂಟು

ಮನೆಗೆ ಕ್ಯಾಮೆರಾ ಬರುವುದೂ ಹೊಸ ಅಳಿಯ ಬರುವುದೂ ಹೆಚ್ಚು ಕಡಮೆ ಒಂದೇ. ಮೊದಲ ಸಂಭ್ರಮ ಮುಗಿದ ಮೇಲೆ ಉಪಚಾರದ ಖರ್ಚು ಆರಂಭವಾಗುತ್ತದೆ. ಮೈಸೂರಿನ ಒಂದು ಮಧ್ಯಮ ವರ್ಗದ ಮನೆಯನ್ನೇ ತೆಗೆದುಕೊಳ್ಳಬಹುದು. ಯಜಮಾನರು ಬ್ಯಾಂಕಿನ ನೌಕರರು. ಮಗಳು ಪದವಿ ತರಗತಿಯಲ್ಲಿ ಓದುತ್ತಾಳೆ. ಮಗ ಹತ್ತನೆಯ ತರಗತಿಯವನು, ಶಾಲೆಯ ಕಬಡ್ಡಿ ತಂಡದಲ್ಲಿ ದಾಳಿಗೆ ಹೋಗುವ ಹುಡುಗ. ಎರಡು ವರ್ಷದ ಹಿಂದೆ ಕೊಂಡ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದುಂಟು. ಅದರೊಡನೆ ಪೆಟ್ಟಿಗೆಯಲ್ಲೇ ಬಂದ 18–55 ಮಿಲಿಮೀಟರಿನ ಲೆನ್ಸೂ ಉಂಟು. ಒಂದು ನಾಮಕರಣ, ಎರಡು ಗೃಹಪ್ರವೇಶಗಳನ್ನು ಆ ಲೆನ್ಸು ಯಾವ ಚಕಾರವನ್ನೂ ಎತ್ತದೆ ನಿಭಾಯಿಸಿತು. ಆಮೇಲೆ ಆಸೆಗಳು ಹುಟ್ಟಿದವು.

ಯಜಮಾನರಿಗೆ ಚಿಕ್ಕಮಗಳೂರಿನ ಬೆಟ್ಟಸಾಲಿನ ಮುಂಜಾವನ್ನು ಹಿಡಿಯುವ ಆಸೆ. ಮಗಳಿಗೆ ರಂಗನತಿಟ್ಟಿನ ಹಕ್ಕಿಗಳ ಹುಚ್ಚು. ಮನೆಯಾಕೆಗೆ ಇರುವುದು ಒಂದೇ ಆಸೆ: ಮಗ ಆಡುವುದರ ಒಂದು ಒಳ್ಳೆಯ ಚಿತ್ರ. ಹೋದ ವರ್ಷ ರಾತ್ರಿ ದೀಪದ ಬೆಳಕಿನಲ್ಲಿ ನಡೆದ ಪಂದ್ಯದಲ್ಲಿ ಯಜಮಾನರು ನೂರಾರು ಚಿತ್ರ ತೆಗೆದಿದ್ದರು. ಒಂದರಲ್ಲಿಯೂ ಮಗನಿರಲಿಲ್ಲ; ಮಗನ ಆಕಾರದ ಮಂಜು ಇತ್ತು. ಈ ವರ್ಷ ಕಳೆದರೆ ಶಾಲೆಯೂ ಮುಗಿಯಿತು, ಆ ತಂಡವೂ ಮುಗಿಯಿತು. ಆಕೆ ಚೀಟಿ ಎತ್ತಿದ ಹಣದಲ್ಲಿ 30,000 ರೂಪಾಯಿಗಳನ್ನು ತೆಗೆದಿಟ್ಟು, “ಏನು ತರುತ್ತೀರೋ ತನ್ನಿ, ಆದರೆ ಹುಡುಗನ ಮುಖ ಕಾಣಬೇಕು ಅಷ್ಟೆ” ಎಂದರು.

ಅಂಗಡಿಯಲ್ಲಿ ದೊರೆತ ಸಲಹೆ ಸರಳವಾಗಿತ್ತು. 18ರಿಂದ 300 ಮಿಲಿಮೀಟರಿನವರೆಗೆ ಹಿಗ್ಗುವ ಒಂದೇ ಲೆನ್ಸು. ಬೆಟ್ಟಕ್ಕೂ ಅದೇ, ಹಕ್ಕಿಗೂ ಅದೇ, ಆಟಕ್ಕೂ ಅದೇ. ಮಗಳ ಗೆಳತಿಯರು ಸೂಚಿಸಿದ್ದು 150–600ರ ದೊಡ್ಡ ಲೆನ್ಸು; ಅದರ ಬೆಲೆ ಲಕ್ಷದ ಆಚೀಚೆ. ಯಜಮಾನರ ಸಹೋದ್ಯೋಗಿಯೊಬ್ಬರು, ಕ್ಯಾಮೆರಾವನ್ನೇ ಮಾರಿ ಹೊಸದನ್ನು ಕೊಳ್ಳುವುದು ಮೇಲು ಎಂದರು. ಮೂರು ಸಲಹೆಗಳಲ್ಲಿಯೂ ಒಂದು ದೋಷ ಸಮಾನವಾಗಿದೆ. ಯಾವ ಆಸೆಗೆ ಏನು ಕೊರತೆ ಎಂದು ಯಾರೂ ಕೇಳಲಿಲ್ಲ.

ಲೆನ್ಸಿನ ಹಣೆಬರಹ ಅದರ ಅಂಚಿನ ಮೇಲೆಯೇ ಎರಡು ಸಂಖ್ಯೆಗಳಲ್ಲಿ ಬರೆದಿರುತ್ತದೆ. ಮೊದಲನೆಯದು ಸಂಗಮದೂರ. ಅದು ಹೆಚ್ಚಿದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲ ಕಿರಿದಾಗುತ್ತದೆ. ಎರಡನೆಯದು ಎಫ್ ಸಂಖ್ಯೆ. ಸಂಗಮದೂರವನ್ನು ಬೆಳಕು ಹೊಗುವ ಕಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಇದು. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ದುಬಾರಿ ಲೆನ್ಸು ಏಕೆ ದುಬಾರಿ ಎಂಬುದೂ ಈ ಭಾಗಾಕಾರದಲ್ಲಿಯೇ ಅಡಗಿದೆ. 50 ಮಿಲಿಮೀಟರಿನ ಲೆನ್ಸಿಗೆ ಎಫ್ 1.8 ಬೇಕೆಂದರೆ 28 ಮಿಲಿಮೀಟರಿನ ಕಂಡಿ ಸಾಕು. 600 ಮಿಲಿಮೀಟರಿನ ಲೆನ್ಸಿಗೆ ಬರಿಯ ಎಫ್ 4 ಬೇಕೆಂದರೂ 150 ಮಿಲಿಮೀಟರು ಬೇಕು. ಎಂದರೆ ಒಂದು ಸಣ್ಣ ತಟ್ಟೆಯಷ್ಟು ಅಗಲದ, ಎಲ್ಲಿಯೂ ಒಂದು ದೋಷವಿರದ ಗಾಜು. ಅಂಥದರ ಬೆಲೆ ಹತ್ತು ಲಕ್ಷ ರೂಪಾಯಿ ದಾಟುವುದರಲ್ಲಿ ಆಶ್ಚರ್ಯವಿಲ್ಲ. ದೂರವೂ ಬೇಕು, ಬೆಳಕೂ ಬೇಕು ಎನ್ನುವವನು ಶ್ರೀಮಂತನಾಗಿರಬೇಕು. ಎರಡರಲ್ಲಿ ಒಂದು ಸಾಕೆನ್ನುವವನಿಗೆ ಚೀಟಿಯ ಹಣ ಸಾಲುತ್ತದೆ.

ಮೂರರಲ್ಲಿ ಅತ್ಯಂತ ಅಗ್ಗವಾದದ್ದು ಬೆಟ್ಟದ ಆಸೆ. ಬೆಟ್ಟ ಓಡುವುದಿಲ್ಲ. ಬೆಳಕು ಸಾಲದಿದ್ದರೆ ಷಟರನ್ನು ಎರಡು ಸೆಕೆಂಡು ತೆರೆದಿಟ್ಟರಾಯಿತು. ಕ್ಯಾಮೆರಾ ಅಲುಗಬಾರದು, ಅಷ್ಟೆ. ಆದಕಾರಣ ಇಲ್ಲಿ ಹಣ ಸಲ್ಲಬೇಕಾದದ್ದು ಗಾಜಿಗಲ್ಲ, ಮೂರು ಕಾಲಿನ ಒಂದು ಗಟ್ಟಿ ಸ್ಟ್ಯಾಂಡಿಗೆ. 1932ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್ ಮೊದಲಾದವರು ಸೇರಿ ಒಂದು ಕೂಟ ಕಟ್ಟಿಕೊಂಡು, ಅದಕ್ಕೆ ‘ಎಫ್ 64’ ಎಂದೇ ಹೆಸರಿಟ್ಟರು. ಕಾಲ ಬಳಿಯ ಕಲ್ಲಿನಿಂದ ದೂರದ ಶಿಖರದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕೆಂಬುದು ಅವರ ಹಟ. ಅದಕ್ಕೆ ಬೇಕಾದದ್ದು ಸೂಜಿಗಣ್ಣಿನಂಥ ಕಂಡಿಯೇ ಹೊರತು ದೊಡ್ಡ ಕಂಡಿಯಲ್ಲ. ಅವರ ಕ್ಯಾಮೆರಾಗಳೇನೋ ದೊಡ್ಡ ಫಲಕದವು. ಇಂದಿನ ಸಣ್ಣ ಕ್ಯಾಮೆರಾಗಳಲ್ಲಿ ಎಫ್ 8 ಅಥವಾ 11ಕ್ಕೆ ನಿಲ್ಲುವುದು ಕ್ಷೇಮ. 16ನ್ನು ದಾಟಿದರೆ ಕಿರುಗಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡಿ ಚಿತ್ರ ಮಸಕಾಗತೊಡಗುತ್ತದೆ. ಎಫ್ 8ರಲ್ಲಿ ಪೆಟ್ಟಿಗೆಯೊಡನೆ ಬಂದ ಬಡ ಲೆನ್ಸಿಗೂ ಅದರ ನಾಲ್ಕರಷ್ಟು ಬೆಲೆಯ ಲೆನ್ಸಿಗೂ ಇರುವ ಅಂತರ, ಗೋಡೆಗೆ ತೂಗುಹಾಕುವ ಚಿತ್ರದಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣುವಂಥದಲ್ಲ.

ಬೆಟ್ಟಕ್ಕೆಂದು ಅತಿ ಅಗಲದ, 10–20ರಂಥ ಲೆನ್ಸನ್ನು ಕೊಳ್ಳುವವರುಂಟು. ಕಿರಿದಾದ ಗರ್ಭಗುಡಿಯನ್ನೋ ಹಂಪಿಯ ಮಂಟಪದ ಒಳಭಾಗವನ್ನೋ ತೆಗೆಯಲು ಅದು ಉತ್ತಮವೇ. ಆದರೆ ಅದರಲ್ಲಿ ನೋಡಿದರೆ ಮುಳ್ಳಯ್ಯನಗಿರಿಯೂ ಹುತ್ತದಂತೆ ಕಾಣುತ್ತದೆ. ಒಂದರ ಹಿಂದೊಂದು ನಿಂತ ಮಲೆಗಳು ನೀಲಿಯ ಪದರ ಪದರಗಳಾಗಿ ಒತ್ತಿಕೊಂಡು ಕಾಣುವ ಚಿತ್ರಕ್ಕೆ ಬೇಕಾದದ್ದು ಉದ್ದದ ಲೆನ್ಸು. ಹೀಗಾಗಿ ಮಗಳ ಹಕ್ಕಿಗೆ ತರುವ ಲೆನ್ಸು ತಂದೆಯ ಬೆಟ್ಟಕ್ಕೂ ಒದಗುತ್ತದೆ.

ಹಕ್ಕಿಯ ವಿಷಯಕ್ಕೆ ಬಂದರೆ ಲೆಕ್ಕ ತುಸು ಕಠಿನ. ಗೇಣುದ್ದದ ಪಿಕಳಾರ ಹತ್ತು ಮೀಟರು ದೂರದಲ್ಲಿ ಕುಳಿತಿದೆ ಎನ್ನೋಣ. 300 ಮಿಲಿಮೀಟರಿನ ಲೆನ್ಸು ಅದನ್ನು ಕ್ಯಾಮೆರಾದೊಳಗಿನ ಫಲಕದ ಮೇಲೆ ಸುಮಾರು 6 ಮಿಲಿಮೀಟರಿನಷ್ಟು ಮೂಡಿಸುತ್ತದೆ. ಸಾಮಾನ್ಯ ಬೆಲೆಯ ಕ್ಯಾಮೆರಾಗಳಲ್ಲಿ ಈ ಫಲಕದ ಎತ್ತರ 15 ಮಿಲಿಮೀಟರಿನ ಆಸುಪಾಸು. ಎಂದರೆ ಚೌಕಟ್ಟಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಇದು ಸಾಕಾದಷ್ಟಾಯಿತು. ಹಕ್ಕಿ ಮೂವತ್ತು ಮೀಟರು ದೂರಕ್ಕೆ ಹಾರಿದರೆ ಉಳಿಯುವುದು 2 ಮಿಲಿಮೀಟರು. ಆಗ 600ರ ಲೆನ್ಸು ತಂದರೂ ಅದು ನಾಲ್ಕೇ ಆಗುತ್ತದೆ. ದೂರವನ್ನು ಅರ್ಧ ಮಾಡುವುದೂ ಸಂಗಮದೂರವನ್ನು ಇಮ್ಮಡಿ ಮಾಡುವುದೂ ಫಲದಲ್ಲಿ ಒಂದೇ. ಮೊದಲನೆಯದಕ್ಕೆ ಬೇಕಾದದ್ದು ತಾಳ್ಮೆ, ಎರಡನೆಯದಕ್ಕೆ ಲಕ್ಷ ರೂಪಾಯಿ. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮುಂತಾದ ಬೆಂಗಳೂರಿನ ಹಿರಿಯರು ವನ್ಯಜೀವಿಗಳ ಬೆನ್ನು ಹತ್ತಿದ ಕಾಲದಲ್ಲಿ ತಾನಾಗಿ ಫೋಕಸ್ ಮಾಡುವ ಲೆನ್ಸಿರಲಿಲ್ಲ, ಫಿಲ್ಮು ಮಂದಗತಿಯದು, ತೆಗೆದದ್ದು ಸರಿ ಬಂದಿದೆಯೇ ಎಂದು ತಿಳಿಯಲು ಫಿಲ್ಮು ತೊಳೆಯುವವರೆಗೆ ಕಾಯಬೇಕಿತ್ತು. ಅವರ ಚಿತ್ರಗಳು ಜಗತ್ತಿನ ಪ್ರದರ್ಶನಗಳಲ್ಲಿ ಮನ್ನಣೆ ಪಡೆದುದು ಪ್ರಾಣಿಗಳ ನಡೆವಳಿಕೆಯನ್ನು ಬಲ್ಲವರಾಗಿದ್ದುದರಿಂದ. ಹತ್ತಿರ ಹೋಗುವುದೆಂದರೆ ಗೂಡಿಗೆ ಮೂಗು ತೂರಿಸುವುದೆಂದಲ್ಲ. ಮರಿ ಮಾಡುವ ಹಕ್ಕಿಯನ್ನು ಕಾಡಿ ತೆಗೆದ ಚಿತ್ರವನ್ನು ಇಂದು ವಿವೇಕಿಗಳಾರೂ ಮೆಚ್ಚುವುದಿಲ್ಲ.

ಮೈಸೂರಿನ ಸೀಮೆಯವರಿಗೆ ಈ ವಿಷಯದಲ್ಲಿ ದೊಡ್ಡ ಭಾಗ್ಯವೊಂದಿದೆ. 1940ರಲ್ಲಿ ಸಲೀಂ ಅಲಿಯವರ ಒತ್ತಾಯದಿಂದ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯೇ ಹಕ್ಕಿಯ ಬಳಿಗೆ ಕರೆದೊಯ್ಯುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೆಯೇ ಸಂಸಾರ ಹೂಡುತ್ತವೆ. ಹಿತ್ತಿಲ ಮರದಲ್ಲಿ ಕುಳಿತ ಆ ದೊಡ್ಡ ಹಕ್ಕಿಗೆ 250 ಮಿಲಿಮೀಟರೇ ಹೆಚ್ಚು. ಈ ಎರಡು ಸ್ಥಳಗಳಲ್ಲಿ 55–250 ಅಥವಾ 70–300ರ ಸಾಮಾನ್ಯ ಲೆನ್ಸು ಹಿಡಿದು ಒಂದು ವರ್ಷ ಪಳಗಿದವಳಿಗೆ ದೊಡ್ಡ ಲೆನ್ಸು ಬೇಕೋ ಬೇಡವೋ ಎಂಬುದು ತಾನಾಗಿ ತಿಳಿಯುತ್ತದೆ. ಕಬಿನಿಯ ಕಡೆಗೆ ವರ್ಷಕ್ಕೊಮ್ಮೆ ಹೋಗುವುದಾದರೆ ದಿನದ ಬಾಡಿಗೆಗೆ ಲೆನ್ಸು ಕೊಡುವ ಅಂಗಡಿಗಳು ಬೆಂಗಳೂರಿನಲ್ಲಿವೆ. ಎರಡು ದಿನದ ಹುಲಿಗೆ ಹತ್ತು ವರ್ಷದ ಸಾಲ ಬೇಕಾಗಿಲ್ಲ. ಕೊಳ್ಳುವಾಗ ಕೈನಡುಕವನ್ನು ತಡೆಯುವ ಏರ್ಪಾಡು ಲೆನ್ಸಿನಲ್ಲಿದೆಯೇ ಎಂದು ನೋಡುವುದು ಅವಶ್ಯ. ಅದಿಲ್ಲದ ಅಗ್ಗದ 75–300ಗಳು ಕೊಂಡ ದಿನ ಮಾತ್ರ ಸಂತೋಷ ಕೊಡುತ್ತವೆ.

ಈ ಏರ್ಪಾಡು ತಡೆಯುವುದು ತೆಗೆಯುವವನ ಕೈನಡುಕವನ್ನು, ಆಡುವವನ ಓಟವನ್ನಲ್ಲ. ಮನೆಯಾಕೆಯ ಆಸೆಗೆ ಅಡ್ಡಿಯಾದದ್ದು ಇದೇ. ಹಗಲಿನ ಆಟವಾದರೆ ಚಿಂತೆಯಿಲ್ಲ. ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100 ಇಟ್ಟು ಎಫ್ 5.6ರಲ್ಲಿ ತೆಗೆದರೂ ಷಟರು 1/800 ಸೆಕೆಂಡಿಗೆ ಮುಚ್ಚುತ್ತದೆ. ಓಡುವ ಹುಡುಗನೂ ಹಗಲಿನ ಕಂಬಳದ ಕೋಣವೂ ಅದರಲ್ಲಿ ಕಲ್ಲಿನಂತೆ ನಿಲ್ಲುತ್ತವೆ. ಬಿಸಿಲು ಬಡವನ ಫ್ಲಡ್‌ಲೈಟು. ಆದರೆ ನಮ್ಮ ಕಬಡ್ಡಿ ಹೊತ್ತು ಮುಳುಗಿದ ಮೇಲೆ ನಾಲ್ಕು ಕಂಬದ ದೀಪಗಳ ಕೆಳಗೆ ನಡೆಯುತ್ತದೆ. ಅಲ್ಲಿ ಐಎಸ್‌ಒ ಸಂಖ್ಯೆಯನ್ನು ಚಿತ್ರ ಕಾಳುಕಾಳಾಗುವವರೆಗೆ ಏರಿಸಿದರೂ ಎಫ್ 5.6ರ ಲೆನ್ಸಿಗೆ 1/60 ಸೆಕೆಂಡು ದೊರೆತರೆ ಹೆಚ್ಚು. ದಾಳಿಗಾರ ಅಷ್ಟರಲ್ಲಿ ಸಾಕಷ್ಟು ಸರಿದಿರುತ್ತಾನೆ. ಹೋದ ವರ್ಷದ ಮಂಜು ಹುಟ್ಟಿದ್ದು ಹೀಗೆ. ಅಂಗಡಿಯಾತ ತೋರಿಸಿದ 18–300 ಉದ್ದದ ತುದಿಯಲ್ಲಿ ಎಫ್ 6.3ಕ್ಕೆ ಇಳಿಯುವಂಥದು, ಅದನ್ನು ತಂದಿದ್ದರೆ ಮಂಜು ಇನ್ನಷ್ಟು ದಟ್ಟವಾಗುತ್ತಿತ್ತು. ಹೊಸ ಕ್ಯಾಮೆರಾ ತಂದು ಹಳೆಯ ಲೆನ್ಸನ್ನೇ ಸಿಕ್ಕಿಸಿದ್ದರೂ ಫಲ ಅಷ್ಟಕ್ಕಷ್ಟೆ.

ಇದಕ್ಕೆ ಮದ್ದು ಅಂಗಡಿಯ ಕಪಾಟಿನ ಮೂಲೆಯಲ್ಲಿ, ಯಾರೂ ಹೊಗಳದೆ ಕುಳಿತಿರುತ್ತದೆ: 50 ಮಿಲಿಮೀಟರಿನ, ಎಫ್ 1.8ರ ಪುಟ್ಟ ಲೆನ್ಸು. ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಬೆರಗು ಹುಟ್ಟಿಸುವ ಗಾತ್ರವಿಲ್ಲ. ಆದರೆ ಎಫ್ 5.6ಕ್ಕಿಂತ ಅದು ಸುಮಾರು ಹತ್ತರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. 1/60 ಇದ್ದುದು 1/500ನ್ನು ದಾಟುತ್ತದೆ. ದೂರ ಸಾಲದು ಎಂಬ ಆಕ್ಷೇಪಣೆ ಇಲ್ಲಿ ನಿಲ್ಲುವುದಿಲ್ಲ. ದೊಡ್ಡವರ ಕಬಡ್ಡಿ ಅಂಕಣವೇ 13 ಮೀಟರು ಉದ್ದ, 10 ಮೀಟರು ಅಗಲ. ಗೆರೆಯ ಪಕ್ಕ ನೆಲದ ಮೇಲೆ ಕುಳಿತು ಎಂಟು ಮೀಟರು ದೂರದಲ್ಲಿ ನೋಡಿದರೆ ಈ ಲೆನ್ಸಿನ ಚೌಕಟ್ಟು ಹೆಚ್ಚು ಕಡಮೆ ನಾಲ್ಕು ಮೀಟರು ಅಗಲವನ್ನು ಹಿಡಿಯುತ್ತದೆ. ದಾಳಿಗಾರನೂ ಅವನ ಕಾಲು ಹಿಡಿದ ಇಬ್ಬರೂ ಮೂವರೂ ಅದರಲ್ಲಿ ಅಡಕವಾಗುತ್ತಾರೆ. ಗರಡಿಯ ಕುಸ್ತಿಗೂ ಒಳಾಂಗಣದ ಬ್ಯಾಡ್ಮಿಂಟನ್ನಿಗೂ ಇದೇ ಮಾತು. ಕ್ರಿಕೆಟ್ಟು ಮಾತ್ರ ಸ್ವಲ್ಪ ಹಣದವರ ಆಟವಲ್ಲ. ಗಡಿಗೆರೆಯಾಚೆಯಿಂದ ಬ್ಯಾಟುಗಾರ ಅರವತ್ತು ಎಪ್ಪತ್ತು ಮೀಟರು ದೂರ. ಅದನ್ನು ಕಣ್ಣಿನಿಂದಲೇ ನೋಡಿ ಆನಂದಿಸುವುದು ಲೇಸು.

ಹಳೆಯ ಲೆನ್ಸು ಕೊಳ್ಳಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಖಂಡಿತ ಕೊಳ್ಳಬಹುದು. ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾಗಳತ್ತ ಬಹುಮಂದಿ ಹೊರಳಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸುಗಳು ಕೈ ಬದಲಾಯಿಸುವ ಪೇಟೆಯಲ್ಲಿ ಅಗ್ಗವಾಗಿವೆ. ಒಂದು ಟಾರ್ಚು ಜೇಬಿನಲ್ಲಿರಬೇಕು. ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಅಲ್ಲಿಂದ ಎದ್ದು ಬರತಕ್ಕದ್ದು. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ತನ್ನ ಕ್ಯಾಮೆರಾಕ್ಕೇ ಸಿಕ್ಕಿಸಿ, ಅದು ತಾನಾಗಿ ಫೋಕಸ್ ಮಾಡುತ್ತದೆಯೇ ಎಂದು ಪರೀಕ್ಷಿಸುವುದು ಮುಖ್ಯ. ನಿಕಾನಿನ ಹಳೆಯ ಕೆಲವು ಲೆನ್ಸುಗಳಲ್ಲಿ ಮೋಟಾರಿಲ್ಲ. ಕ್ಯಾಮೆರಾದಲ್ಲಿಯೂ ಅದಿಲ್ಲದಿದ್ದರೆ ಎಲ್ಲವನ್ನೂ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಕಬಡ್ಡಿಯಲ್ಲಿ ಅದು ಆಗುವ ಮಾತಲ್ಲ.

ಯಜಮಾನರು ಕಡೆಗೆ ತಂದದ್ದು ಹೊಸದೊಂದು 50, ಒಬ್ಬರು ಬಳಸಿ ಬಿಟ್ಟ 55–250, ಒಂದು ಸ್ಟ್ಯಾಂಡು. ಮೂರೂ ಸೇರಿ ಚೀಟಿಯ ಹಣದೊಳಗೇ ಮುಗಿದುವು. ಉಳಿದ ಚಿಲ್ಲರೆಯಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದನ್ನೂ ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನೂ ಮಗಳು ಕೊಂಡು ತಂದಳು. ನೀಲಿಯ ಹರಳು ತೇವ ಹೀರಿ ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಬೇಕೆಂದು ತಿಳಿದು ಅವಳು ಅಡುಗೆಮನೆಗೆ ಹೋದದ್ದೂ, “ಒಗ್ಗರಣೆ ಬಾಣಲೆ ಮುಟ್ಟಿದರೆ ನೋಡು!” ಎಂಬ ಕೂಗು ಹೊರಬಂದದ್ದೂ ನಡೆಯಿತು. ತಾಯಿಯ ಮಾತೇ ಸರಿ; ಆ ನೀಲಿಯ ಬಣ್ಣ ಹೊಟ್ಟೆಗೆ ಸೇರತಕ್ಕದ್ದಲ್ಲ, ಅದಕ್ಕೆ ಬೇರೆ ಪಾತ್ರೆಯೇ ಇರಬೇಕು.

ಪಂದ್ಯದ ರಾತ್ರಿ ಯಜಮಾನರು ಗೆರೆಯ ಪಕ್ಕ ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದರು. ನೂರೆಂಬತ್ತರಷ್ಟು ಅಳಿಸುವಂಥವೇ. ಎಫ್ 1.8ರಲ್ಲಿ ಸ್ಪಷ್ಟವಾಗಿರುವ ಪದರ ಬಲು ತೆಳುವು. ಒಂದರಲ್ಲಿ ಮುಖದ ಬದಲು ಎದುರಾಳಿಯ ಬೆನ್ನಿನ ಸಂಖ್ಯೆ ಚೊಕ್ಕಟವಾಗಿ ಬಂದಿತ್ತು. ತಂಡ ಸೋತಿತು. ಮನೆಗೆ ಬಂದು ಒಂದೊಂದಾಗಿ ನೋಡುವಾಗ ಒಂದು ಚಿತ್ರ ಬಂದಿತು. ಹುಡುಗನನ್ನು ಇಬ್ಬರು ಸೊಂಟ ಹಿಡಿದು ಎಳೆಯುತ್ತಿದ್ದಾರೆ. ಬೆರಳ ತುದಿ ಮಧ್ಯದ ಗೆರೆಗೆ ತಾಕುವುದರಲ್ಲಿದೆ. ಎದ್ದ ಮಣ್ಣಿನ ಕಣಗಳೂ ಗಾಳಿಯಲ್ಲಿ ನಿಂತಿವೆ.

“ಅಮ್ಮಾ, ಹೇಗಿದೆ?” ಎಂದ ಮಗ.

ಆಕೆ ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಮುಖ ಚೆನ್ನಾಗಿ ಬಂದಿದೆ ಕಣೋ. ಮಂಡಿಯ ಹತ್ತಿರ ಏನದು? ಇಷ್ಟು ದೊಡ್ಡ ಗಾಯ ಮಾಡಿಕೊಂಡು ಹೇಳದೆ ಇದ್ದೀಯಲ್ಲ! ಬಾ ಇಲ್ಲಿ, ಪ್ಯಾಂಟು ಮೇಲೆತ್ತು.”