ಚೋಮನಿಗೆ ಬೇಕಾದದ್ದು ಕಣ್ಣೀರಲ್ಲ, ಭೂಮಿ

‘ಚೋಮನ ದುಡಿ’ ಚಿತ್ರವನ್ನು ಮೊನ್ನೆ ಮತ್ತೊಮ್ಮೆ ನೋಡಿದೆವು. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲ ಬಂತು. ಚೋಮನ ಪಾತ್ರ ವಹಿಸಿದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಸಲ್ಲತಕ್ಕವೇ. ಆ ಮುಖ, ಆ ದುಡಿಯ ಸದ್ದು ಮರೆಯುವಂಥವಲ್ಲ. ಆದರೂ ನಮ್ಮದೊಂದು ತಕರಾರಿದೆ.

ಚೋಮ ಕೇಳಿದ್ದೇನು? ಉಳಲು ಒಂದು ತುಂಡು ಭೂಮಿ. ಮನೆಯಲ್ಲಿ ಎತ್ತಿದ್ದವು, ತೋಳಿನಲ್ಲಿ ಬಲವಿತ್ತು. ಆದರೆ ಅಸ್ಪೃಶ್ಯನಿಗೆ ಭೂಮಿ ಗೇಣಿಗೂ ಸಲ್ಲದೆಂಬುದು ಒಡೆಯರ ಕಟ್ಟಳೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋದರು. ಒಬ್ಬ ಮಗ ಜ್ವರಕ್ಕೆ ಬಲಿಯಾದ, ಇನ್ನೊಬ್ಬ ನೀರುಪಾಲಾದ. ಕೊನೆಗೆ ದುಡಿ ಬಡಿಯುತ್ತಲೇ ಚೋಮ ಪ್ರಾಣ ಬಿಟ್ಟ. 1933ರಲ್ಲಿ ಇಷ್ಟು ಹೇಳುವುದೇ ದೊಡ್ಡ ಧೈರ್ಯ.

ಆದರೆ 1975ರಲ್ಲಿ? ಹಿಂದಿನ ವರ್ಷ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂಸುಧಾರಣಾ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂದಿತ್ತು. ಗೇಣಿದಾರರು ಅರ್ಜಿ ಹಿಡಿದು ನ್ಯಾಯಮಂಡಳಿಗಳ ಮುಂದೆ ನಿಂತಿದ್ದರು. ಆ ಸಾಲಿನಲ್ಲಿ ಚೋಮನನ್ನು ನಿಲ್ಲಿಸಿ ನೋಡಿ. “ನೀನು ಯಾರ ಗೇಣಿದಾರ?” ಎಂದು ಕೇಳಿದರೆ ಅವನು ಏನು ಹೇಳಿಯಾನು? ಗೇಣಿದಾರನಾಗಲು ಜಾತಿ ಬಿಡಲಿಲ್ಲ. ಗೇಣಿದಾರನಲ್ಲವಾದ್ದರಿಂದ ಒಡೆಯನಾಗಲು ಕಾನೂನು ಬಿಡಲಿಲ್ಲ. ಹೆಚ್ಚುವರಿ ಭೂಮಿಯಲ್ಲಿ ಭೂಹೀನರಿಗೆ ಪಾಲುಂಟೆಂದು ಕಾಗದದಲ್ಲಿತ್ತು. ಅದನ್ನು ನಂಬಿ ಕುಳಿತವರ ಪಾಡು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು.

ಚಿತ್ರ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. ಕ್ಯಾಮರಾ ಚೋಮನ ಮುಖವನ್ನು ಬಿಡಲೊಲ್ಲದು. ಒಡೆಯನ ಕಣಜದ ಕಡೆಗೆ ಅಷ್ಟು ಹೊತ್ತು ತಿರುಗದು. ನೋಡಿದವನು ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾನೆ. ಅತ್ತು ಹಗುರಾದವನಿಗೆ ಸಿಟ್ಟು ಎಲ್ಲಿಂದ ಬಂದೀತು?

ಕೃತಿಗೆ ನಿಷ್ಠೆ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಚೋಮನ ಕೈಗೆ ಬಾವುಟ ಕೊಟ್ಟು ಮೆರವಣಿಗೆ ಹೊರಡಿಸಿ ಎಂದು ನಾವು ಹೇಳುತ್ತಿಲ್ಲ. ಆದರೆ ಅಕ್ಷರಕ್ಕೆ ನಿಷ್ಠೆ ಬೇರೆ, ಕೃತಿಯ ಸಿಟ್ಟಿಗೆ ನಿಷ್ಠೆ ಬೇರೆ. ನಲವತ್ತೆರಡು ವರ್ಷಗಳ ನಂತರ ಅದೇ ಕಥೆ ಹೇಳುವವನು ಆ ನಲವತ್ತೆರಡು ವರ್ಷಗಳ ಲೆಕ್ಕವನ್ನೂ ಕೊಡಬೇಕು.

ಸಂಗಾತಿಗಳೇ, ಈ ಮಾತಿನ ಏಟು ನಮಗೂ ತಗಲುತ್ತದೆ. 1951ರ ಕಾಗೋಡು ಸತ್ಯಾಗ್ರಹವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಲೇಬೇಕು. ಅದು ಗೇಣಿದಾರರ ಹೋರಾಟ. ಗೇಣಿಯೂ ಇಲ್ಲದ ಕೂಲಿಯವನ ಪ್ರಶ್ನೆಯನ್ನು ಆಮೇಲೆ ನೋಡೋಣವೆಂದು ಬದಿಗಿಟ್ಟವರಲ್ಲಿ ನಾವೂ ಇದ್ದೇವೆ. ಆ ‘ಆಮೇಲೆ’ ಇನ್ನೂ ಬಂದಿಲ್ಲ.

ಬಂದದ್ದು ಬೇರೆ. 2020ರಲ್ಲಿ ಅದೇ ಕಾನೂನಿಗೆ ಮತ್ತೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಹಣವಿದ್ದರೆ ಕೃಷಿಭೂಮಿ ಕೊಳ್ಳಬಹುದೆಂದರು. ನೇಗಿಲು ಮುಟ್ಟದವನಿಗೆ ಬಾಗಿಲು ತೆರೆಯಿತು. ಜೀವಮಾನವೆಲ್ಲ ಮಣ್ಣಿನಲ್ಲಿ ದುಡಿದವನು ಇಂದಿಗೂ ಅಂಗಳದಾಚೆ ನಿಂತಿದ್ದಾನೆ.

ಚಿತ್ರವನ್ನು ನೋಡಿ, ಊರೂರಿನಲ್ಲಿ ತೋರಿಸಿ. ದೀಪ ಹತ್ತಿದ ಮೇಲೆ ಯಾರನ್ನೂ ಏಳಗೊಡಬೇಡಿ. ನಮ್ಮೂರಿನ ಚೋಮನ ಹೆಸರಿನಲ್ಲಿ ಎಷ್ಟು ಭೂಮಿಯಿದೆ ಎಂದು ಕೇಳಿ. ಅಳು ಅಲ್ಲಿಗೆ ನಿಲ್ಲುತ್ತದೆ. ಕೆಲಸ ಅಲ್ಲಿಂದ ಶುರುವಾಗುತ್ತದೆ.